ಸೈಕಲ್ ಬಾರದವಳು ಹಾಕಿದ ಸೈಕಲ್ ದಾರಿ

ನಾನು ಸಂಚಾರ ಎಂಜಿನಿಯರು. ಊರುಗಳಲ್ಲಿ ಸೈಕಲ್ ಹೋಗುವ ದಾರಿ, ಜನ ನಡೆಯುವ ದಾರಿ, ಇವುಗಳ ನಕ್ಷೆ ಹಾಕುವುದು ನನ್ನ ಕೆಲಸ. ಸೈಕಲ್ ದಾರಿ ಎಷ್ಟು ಅಗಲ ಇರಬೇಕು, ಏರು ಎಷ್ಟಾದರೆ ತುಳಿಯುವವರಿಗೆ ಏದುಸಿರು ಬರುತ್ತದೆ, ತಿರುವಿನಲ್ಲಿ ಎದುರಿಗೆ ಬರುವವರು ಎಷ್ಟು ದೂರದಿಂದ ಕಾಣಬೇಕು, ಇದೆಲ್ಲ ನನಗೆ ಬಾಯಿಪಾಠ. ಹದಿನೈದು ವರ್ಷ ಈ ಕೆಲಸ ಮಾಡಿದ ಮೇಲೂ ಬಾರದೆ ಉಳಿದದ್ದು ಒಂದೇ, ಸೈಕಲ್ ಹೊಡೆಯುವುದು.

ಮುಚ್ಚಿಟ್ಟಿದ್ದೆ ಎಂದಲ್ಲ. ಯಾರೂ ಕೇಳಿರಲಿಲ್ಲ. ಪುಣೆಯಲ್ಲಿ ಮೊದಲ ನೌಕರಿಯ ಸಂದರ್ಶನದಲ್ಲಿ ಯಾವ ಸಾಫ್ಟ್‌ವೇರ್ ಬರುತ್ತದೆ ಎಂದರು, ಮರಾಠಿ ಬರುತ್ತದೆಯೇ ಎಂದರು. ಸೈಕಲ್ ಬರುತ್ತದೆಯೇ ಎಂದು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು. ಹುಮನಾಬಾದಿನ ನಮ್ಮ ಮನೆಯಲ್ಲಿ ಒಂದು ಸೈಕಲ್ ಇತ್ತು, ಅದು ಅಣ್ಣನದು. ನನ್ನ ಜಾಗ ಹಿಂದಿನ ಕ್ಯಾರಿಯರ್. ನಾನೂ ಕಲಿಯುತ್ತೇನೆ ಎಂದು ಒಮ್ಮೆ ಹಟ ಮಾಡಿದಾಗ ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು: "ಹಿಂದ ಕುಂತರೂ ಸಾಲಿ ಮುಟ್ಟತಿ, ಮುಂದ ಕುಂತರೂ ಸಾಲಿ ಮುಟ್ಟತಿ. ಮುಂದ ಯಾಕ ಕುಂದರತಿ?" ನಾನು ಹೋಗಿ ಕ್ಯಾರಿಯರ್ ಮೇಲೆ ಕೂತೆ. ದೊಡ್ಡವಳಾಗಿ ಸಾರಿಗೆ ಎಂಜಿನಿಯರಿಂಗ್ ಓದಿದೆ. ಅಲ್ಲಿಯೂ ಅವ್ವನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ನಮ್ಮ ಭಾಗದ ಸಣ್ಣ ಊರುಗಳಿಗೆ ಸೈಕಲ್ ದಾರಿ ಹಾಕುವ ಯೋಜನೆಯೊಂದು ಬಂದಾಗ ನಾನು ಪುಣೆ ಬಿಟ್ಟು ಹುಮನಾಬಾದಿಗೆ ಮರಳಿದೆ. ಅವ್ವನ ಜೊತೆ ಇರಬಹುದು, ನನ್ನ ಊರಿಗೆ ಏನಾದರೂ ಮಾಡಿದಂತೆಯೂ ಆಗುತ್ತದೆ ಎಂಬ ಆಸೆ. ನಮ್ಮ ಕಚೇರಿಯ ಸಾಹೇಬರು ಕಲಬುರಗಿಯವರು, ನಿವೃತ್ತಿಗೆ ಹತ್ತಿರದಲ್ಲಿದ್ದವರು. ಆಯುಷ್ಯವೆಲ್ಲ ಸೇತುವೆ ಕಟ್ಟಿದ್ದ ಅವರಿಗೆ ಸೈಕಲ್ ದಾರಿ ಎಂದರೆ ದೊಡ್ಡ ಮನೆತನದ ಸಂಬಂಧ ಬಿಟ್ಟು ಬಡವರ ಮನೆಗೆ ಬೀಗತನ ಮಾಡಿದ ಹಾಗೆ ಅನ್ನಿಸುತ್ತಿತ್ತು. ಆದರೂ ಒಳ್ಳೆಯ ಮನುಷ್ಯ. ಯಾವ ಕೆಲಸ ಯಾವ ಫೈಲಿನೊಳಗಿಂದ ಹೊರಬರುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಾರಿಯನ್ನು ಹುಮನಾಬಾದಿನಲ್ಲೇ ಹಾಕಿದೆವು. ಮುಖ್ಯ ರಸ್ತೆಯ ಬದಿಗೆ, ಚರಂಡಿಗೆ ಹೊಂದಿಕೊಂಡು, ಹಸಿರು ಬಣ್ಣ ಬಳಿದು, ನಡುನಡುವೆ ಬಿಳಿ ಸೈಕಲ್ ಚಿತ್ರ ಬರೆಸಿ. ಮೊದಲ ದಿನಗಳಲ್ಲಿ ನಾಲ್ಕಾರು ಸೈಕಲ್ ಬಂದವು, ವಾರ ಮುಗಿಯುವಷ್ಟರಲ್ಲಿ ದಾರಿ ಖಾಲಿ. ಎರಡನೇ ವಾರ ಮೋಟಾರ್‌ಸೈಕಲ್‌ಗಳು ಬಂದು ಸಾಲಾಗಿ ನಿಂತವು. ತೊಗರಿ ಸುಗ್ಗಿಯಲ್ಲಿ ಅದರ ಮೇಲೆ ತೊಗರಿ ಒಣಗಿತು. ಅಲ್ಲಿನ ಕಿರಾಣಿ ಅಂಗಡಿಯ ಮಾಲೀಕರು ನನ್ನನ್ನು ಕರೆದು ಚಹಾ ಕೊಟ್ಟು, "ಗಿರಾಕಿಗೆ ಗಾಡಿ ಹಚ್ಚಲಿಕ್ಕ ಜಾಗಾನೇ ಇರಲಿಲ್ರಿ ಮೇಡಂ, ಭಾಳ ಚಲೋ ಮಾಡೀರಿ" ಎಂದು ಮನಸಾರೆ ಹೊಗಳಿದರು. ನಾನು ವರದಿಯಲ್ಲಿ, ಜನರಲ್ಲಿ ಸೈಕಲ್ ಬಗ್ಗೆ ತಿಳಿವಳಿಕೆ ಕಡಿಮೆ ಇದೆ, ಜಾಗೃತಿ ಕಾರ್ಯಕ್ರಮ ನಡೆಸಬೇಕು ಎಂದು ಬರೆದೆ. ಸಾಹೇಬರು ಓದಿ, ಇದು ಬಹೂಪಯೋಗಿ ಸಾರ್ವಜನಿಕ ಸ್ಥಳವಾಗಿ ಮಾರ್ಪಟ್ಟಿದೆ ಎಂಬ ಸಾಲನ್ನು ತಾವೇ ಸೇರಿಸಿದರು. ಮೇಲಿನವರಿಗೆ ಅವರ ಸಾಲು ಹಿಡಿಸಿತು. ಬಸವಕಲ್ಯಾಣಕ್ಕೂ ಒಂದು ದಾರಿ ಮಂಜೂರಾಯಿತು.

ಬಸವಕಲ್ಯಾಣದಲ್ಲಿ ಮೊದಲು ಎಣಿಕೆ ಮಾಡಬೇಕಿತ್ತು. ಯಾವ ರಸ್ತೆಯಲ್ಲಿ ಎಷ್ಟು ಸೈಕಲ್ ಹೋಗುತ್ತವೆ ಎಂದು ಮೂರು ದಿನ ರಸ್ತೆ ಬದಿ ಕೂತು ಫಾರ್ಮಿನಲ್ಲಿ ಗೆರೆ ಎಳೆಯುವ ಕೆಲಸ. ನಾನು ಮೋರಖಂಡಿ ಕಡೆಯಿಂದ ಜನ ಬರುವ ರಸ್ತೆಯನ್ನು ಇಟ್ಟುಕೊಂಡೆ. ಒಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಮುದುಕರು ಬಂದರು, ಹಾಲಿನ ಕ್ಯಾನಿನವರು ಬಂದರು, ಸಾಲಿ ಹುಡುಗರು ಬಂದರು. ಹೆಂಗಸರೆಲ್ಲ ನಡೆದು ಬಂದರು, ಇಲ್ಲವೆ ಆಟೋದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಬಂದರು.

ಎರಡನೇ ದಿನ ಮುಂಜಾನೆ ಅವಳು ಬಂದಳು. ನಲವತ್ತೈದು ದಾಟಿದ ಹೆಂಗಸು. ಸೀರೆ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ನಡುವೆ ದಂಡಿ ಇರುವ ಗಂಡಸರ ಸೈಕಲ್. ಕ್ಯಾರಿಯರ್ ಮೇಲೆ ಬುತ್ತಿ ಗಂಟು, ಕಳೆ ತೆಗೆಯುವ ಖುರ್ಪಿ. ಹಿಂದೆ ಲಾರಿ ಹಾರ್ನ್ ಹೊಡೆದರೂ ತಿರುಗಿ ನೋಡದೆ, ರಸ್ತೆಯ ಟಾರು ಮುಗಿದು ಮಣ್ಣು ಶುರುವಾಗುವ ಆ ಒಂದು ಗೇಣಿನ ಮೇಲೆ ಸೀದಾ ಬರುತ್ತಿದ್ದಳು. ನಾನು ಗೆರೆ ಎಳೆಯುವುದನ್ನು ಮರೆತು ಎದ್ದು ನಿಂತೆ. ಅವಳು ಕಾಲು ಊರಿ ನಿಂತಳು.

"ಏನ್ ಬರಿಯಾಕತ್ತೀರಿ ಮೇಡಂ?"

"ಸೈಕಲ್ ಎಣಿಸಾಕತ್ತೀನಿ."

"ಎಣಿಸಿ ಏನ್ ಮಾಡತೀರಿ?"

"ಸೈಕಲ್ಲಿಗಿ ಬ್ಯಾರೆ ದಾರಿ ಹಾಕತೀವಿ."

ಅವಳು ನನ್ನನ್ನೂ ಫಾರ್ಮನ್ನೂ ನೋಡಿದಳು. "ಬ್ಯಾರೆ ದಾರಿ ಯಾಕ್ರಿ? ಇದೇ ದಾರಿ ಮಗ್ಗಲಕ ಇಷ್ಟು ಗಟ್ಟಿ ಮಾಡ್ರಿ, ಸಾಕು," ಎಂದು ಎರಡು ಮೊಳದಷ್ಟು ಕೈ ಅಗಲಿಸಿ ತೋರಿಸಿದಳು. "ಮಳಿ ಆದ್ರ ಮಣ್ಣಾಗ ಗಾಲಿ ಸಿಗತದ. ಟಾರಿನ ಮ್ಯಾಲ ಹೋದ್ರ ಲಾರಿ ಸಿಗತದ."

ಆಮೇಲೆ ಗೊತ್ತಾಯಿತು, ಅವಳು ಮೋರಖಂಡಿಯ ಬೌದ್ಧ ಓಣಿಯವಳು. ಗಂಡ ಮೋಟಾರ್‌ಸೈಕಲ್ ಕೊಂಡ ಮೇಲೆ ಗೋಡೆಗೆ ಒರಗಿದ್ದ ಅವನ ಸೈಕಲ್ಲನ್ನು ಇವಳು ತೆಗೆದುಕೊಂಡಿದ್ದಳು. ಕೂಲಿ ಕೆಲಸ ಒಂದು ದಿನ ಈ ಊರಿನ ಹೊಲದಲ್ಲಿ, ಮರುದಿನ ಮತ್ತೊಂದು ಊರಿನ ಹೊಲದಲ್ಲಿ. ನಡೆದು ಹೋಗುವಷ್ಟರಲ್ಲಿ ಕೆಲಸಕ್ಕೆ ಬೇಕಾದ ಹೆಣ್ಣಾಳು ತುಂಬಿರುತ್ತಿದ್ದರು. ಹ್ಯಾಗೆ ಕಲಿತೆ ಎಂದು ಕೇಳಿದರೆ, "ಬಿದ್ದು ಕಲತೀನ್ರಿ" ಎಂದಳು.

ನನ್ನ ಎಣಿಕೆಯಲ್ಲಿ ಮೂರು ದಿನಕ್ಕೂ ಸೇರಿ ಸೈಕಲ್ ಹೊಡೆದ ಹೆಂಗಸು ಅವಳೊಬ್ಬಳೇ. ಸಭೆಯಲ್ಲಿ ಸಾಹೇಬರು ಆ ಖಾನೆಯ ಮೇಲೆ ಪೆನ್ನಿನ ತುದಿ ಇಟ್ಟರು.

"ಇದೊಂದು ತೆಗೀರಿ ಮೇಡಂ. ಎಣಿಸೋವಾಗ ತಪ್ಪಿರಬೇಕು."

"ತಪ್ಪಿಲ್ರಿ ಸರ್. ನಾ ಮಾತಾಡೀನಿ ಆಕಿ ಜೋಡಿ."

"ಮಾತಾಡಿದ್ರೂ ಒಂದೇ ಅಲ್ರೀ? ಒಂದು ಅನ್ನೋದು ಡೇಟಾ ಅಲ್ಲ. ಅಪವಾದ."

ನಾನು ತೆಗೆಯಲಿಲ್ಲ. ತೆಗೆಯದೆ ಮಾಡಿದ್ದೇನೂ ಇಲ್ಲ ಎಂಬುದನ್ನೂ ಹೇಳಬೇಕು. ಮೋರಖಂಡಿ ಕಡೆಯ ರಸ್ತೆಯ ಬದಿಗೆ ಜಾಗ ಕಡಿಮೆ, ಬೇಡಿಕೆಯೂ ಕಡಿಮೆ ಎಂದು ನಾನೇ ಬರೆದೆ. ಊರಿನ ಇನ್ನೊಂದು ತುದಿಯ ಹೊಸ ಬಡಾವಣೆಯ ಅಗಲವಾದ ರಸ್ತೆಗೆ ಸೈಕಲ್ ದಾರಿಯ ನಕ್ಷೆ ಹಾಕಿದೆ. ಆ ಬಡಾವಣೆಯಲ್ಲಿ ಪ್ಲಾಟುಗಳಿದ್ದವು, ಮನೆಗಳು ಇನ್ನೂ ಬರಬೇಕಿತ್ತು. ಆದರೆ ನಕ್ಷೆ ಚೆಂದ ಬಂದಿತ್ತು. ಅಡ್ಡಿ ಮಾಡುವ ಅಂಗಡಿಯಿಲ್ಲ, ತಿರುವಿಲ್ಲ, ಜನವಿಲ್ಲ.

ದಾರಿ ಮುಗಿಯಲು ಬಂದಾಗ ಉದ್ಘಾಟನೆಯ ಮಾತು ಬಂತು. ದೊಡ್ಡ ಅತಿಥಿಯೊಬ್ಬರು ಬರುತ್ತಾರೆ, ಅವರು ಸೈಕಲ್ ಹೊಡೆದು ಚಾಲನೆ ಕೊಡುತ್ತಾರೆ ಎಂದಾಯಿತು. ಸಾಹೇಬರು ನನ್ನನ್ನು ಕರೆದು ಖುಷಿಯಿಂದ ಹೇಳಿದರು: "ಅವರ ಮಗ್ಗಲಕ ನೀವೂ ಸೈಕಲ್ ಹೊಡೀರಿ ಮೇಡಂ. ದಾರಿ ಹಾಕಿದವರೇ ಹೆಣ್ಮಗಳು ಅಂದ್ರ ಫೋಟೋ ಚಲೋ ಬರತದ."

ನನಗೆ ಬರುವುದಿಲ್ಲ ಎಂದು ಆಗಲೇ ಹೇಳಬಹುದಿತ್ತು. ಆದರೆ ಹದಿನೈದು ವರ್ಷದ ನೌಕರಿ, ಗೋಡೆಯ ಮೇಲಿನ ಪ್ರಶಸ್ತಿಪತ್ರಗಳು, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದ ಹಿತ್ತಾಳೆಯ ಪುಟ್ಟ ಸೈಕಲ್ ಎಲ್ಲವೂ ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು. "ಆಗಲಿ ಸರ್" ಎಂದೆ. ಉದ್ಘಾಟನೆಗೆ ಇನ್ನೂ ಮೂರು ವಾರ ಇತ್ತು.

ಮರುದಿನ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಮೋರಖಂಡಿಯಲ್ಲಿ ಇಳಿದೆ. ಸೈಕಲ್ ಹೊಡೆಯುವ ಆ ಹೆಂಗಸಿನ ಮನೆ ಕೇಳಿಕೊಂಡು ಹೋದಾಗ ಅವಳು ಬುತ್ತಿ ಕಟ್ಟುತ್ತಿದ್ದಳು. ಸಂಗತಿ ಹೇಳಿದೆ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ರೊಟ್ಟಿಯ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಕ್ಕಳು. ನಕ್ಕು ಸಾಕಾಗದೆ ನೆಗೆಣ್ಣಿಯನ್ನು ಕೂಗಿ ಕರೆದಳು.

"ಏ, ಇಲ್ಲಿ ಬಾ! ಸೈಕಲ್ ದಾರಿ ಮಾಡೋ ಮೇಡಂಗ ಸೈಕಲ್ ಬರಲ್ಲಂತ!"

ನಗು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು, "ನಾಳಿಯಿಂದ ಆರು ಗಂಟೆಗಿ ಬರ್ರಿ. ಸೀರಿ ಬ್ಯಾಡ, ಚೂಡಿದಾರ ಹಾಕ್ಕೊಂಡು ಬರ್ರಿ," ಎಂದಳು. ಆರು ಗಂಟೆಗೆ ಅಲ್ಲಿರಲು ನಾನು ಬಸವಕಲ್ಯಾಣದ ಚಿಕ್ಕಮ್ಮನ ಮನೆಯಲ್ಲಿ ಉಳಿಯಬೇಕಾಯಿತು. ಎಣಿಕೆ ಕೆಲಸ ಅದ ಎಂದು ಅವ್ವನಿಗೆ ಸುಳ್ಳು ಹೇಳಿದೆ.

ಓಣಿಯ ಬುದ್ಧವಿಹಾರದ ಮುಂದಿನ ಬಯಲೇ ನನ್ನ ಶಾಲೆ. ಅವಳು ಸೀಟಿನ ಹಿಂದೆ ಹಿಡಿದುಕೊಂಡು ಓಡುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ.

"ನೆಲ ಯಾಕ ನೋಡತೀರಿ? ನೆಲ ಎಲ್ಲೂ ಹೋಗಲ್ರಿ. ಮುಂದ ನೋಡ್ರಿ!"

ನೀರಿಗೆ ಹೊರಟ ಹೆಂಗಸರು ಕೊಡ ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ಒಬ್ಬಳು ಎಡಕ್ಕೆ ವಾಲು ಅಂದರೆ ಇನ್ನೊಬ್ಬಳು ಬಲಕ್ಕೆ ಅನ್ನುತ್ತಿದ್ದಳು. ಅವರಲ್ಲಿ ಯಾರಿಗೂ ಸೈಕಲ್ ಬರುತ್ತಿರಲಿಲ್ಲ. ಬಾರದವರು ಬಾರದವಳಿಗೆ ಹೇಳಿಕೊಡುವ ಈ ಪದ್ಧತಿ ನನಗೆ ಕಚೇರಿಯಲ್ಲಿ ರೂಢಿಯಾಗಿದ್ದರಿಂದ ಅಂಥ ತೊಂದರೆಯಾಗಲಿಲ್ಲ.

ಬಯಲಿನ ಒಂದು ಬದಿ ತುಸು ಇಳಿಜಾರಿತ್ತು. ನನ್ನ ಪುಸ್ತಕದ ಪ್ರಕಾರ ಅದು ಲೆಕ್ಕಕ್ಕೇ ಬಾರದ ಇಳಿಜಾರು. ಐದನೇ ದಿನ ಆ ಲೆಕ್ಕಕ್ಕೆ ಬಾರದ ಇಳಿಜಾರಿನಲ್ಲಿ ಬ್ರೇಕ್ ಸಿಗದೆ ಹೋಗಿ ಗೋಡೆಗೆ ಗುದ್ದಿದೆ. ಸಣ್ಣ ಕಲ್ಲೊಂದು ಗಾಲಿಯನ್ನು ಎಷ್ಟು ತಿರುಗಿಸುತ್ತದೆ, ಪಕ್ಕದಲ್ಲಿ ಟ್ರ್ಯಾಕ್ಟರ್ ಹೋದರೆ ಗಾಳಿಗೆ ಹ್ಯಾಂಡಲ್ ಹ್ಯಾಗೆ ವಾಲುತ್ತದೆ ಎಂಬುದೆಲ್ಲ ಮೈಗೆ ಗೊತ್ತಾಗತೊಡಗಿತು. ಎಂಟನೇ ದಿನ ಅವಳು ಹಿಂದೆ ಹಿಡಿದಿದ್ದಾಳೆ ಎಂದುಕೊಂಡು ಮಾತಾಡುತ್ತ ಬಯಲಿನ ಆಚೆ ತುದಿ ಮುಟ್ಟಿದೆ. ತಿರುಗಿ ನೋಡಿದರೆ ಅವಳು ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ನನಗೆ ಅಳು ಬಂತು. ನಲವತ್ತೊಂದು ವರ್ಷದ ಎಂಜಿನಿಯರು ಹೆಂಗಸರ ಮುಂದೆ ಅಳಬಾರದೆಂದು ಕೆಮ್ಮಿದೆ.

ಈ ಖುಷಿಯೇ ನನಗೆ ಮುಳುವಾಯಿತು. ಆ ಭಾನುವಾರ ಹುಮನಾಬಾದಿಗೆ ಬಂದವಳು ಅಣ್ಣನ ಮಗಳ ಸೈಕಲ್ ತೆಗೆದುಕೊಂಡೆ. ಅವ್ವ ಬಾಗಿಲಲ್ಲಿ ನಿಂತು, "ಇದೇನವಾ ಈ ವಯಸ್ಸಿನಾಗ?" ಎಂದಳು. "ನೌಕರಿ ಕೆಲಸ" ಎಂದು ಹೊರಟೆ. ನಾನೇ ಹಾಕಿದ ಹಸಿರು ದಾರಿಯ ಮೇಲೆ ನಾನೇ ಸೈಕಲ್ ಹೊಡೆಯಬೇಕು ಎಂಬ ಆಸೆ. ಮುಂಜಾನೆಯಾದ್ದರಿಂದ ಮೋಟಾರ್‌ಸೈಕಲ್‌ಗಳು ಇನ್ನೂ ಬಂದಿರಲಿಲ್ಲ. ಬಿಳಿ ಸೈಕಲ್ ಚಿತ್ರಗಳು ಒಂದೊಂದಾಗಿ ಕಾಲ ಕೆಳಗೆ ಸರಿದುಹೋದವು. ನೆಲ ನೋಡದೆ, ಕಲಿಸಿದ ಹಾಗೆ ಮುಂದೆ ನೋಡುತ್ತ ಹೋಗುತ್ತಿದ್ದೆ.

ಮುಂದಿನ ಗಾಲಿ ಚರಂಡಿಯ ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿತು. ಮಳೆನೀರು ಇಳಿಯಲು ದಾರಿಯ ಅಂಚಿನಲ್ಲಿ ಕೂರಿಸಿದ ಜಾಲರಿ ಅದು. ಅದರ ಸೀಳುಗಳು ದಾರಿಯ ಉದ್ದಕ್ಕೇ ಇದ್ದವು, ಸೈಕಲ್ ಗಾಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಒಳಗೆ ಇಳಿಯುವಷ್ಟು ಅಗಲ. ಸೈಕಲ್ ಅಲ್ಲೇ ನಿಂತಿತು, ನಾನು ಮುಂದೆ ಹೋದೆ. ಬಲಗೈ ಮಣಿಕಟ್ಟು ಮುರಿಯಿತು.

ಕಿರಾಣಿ ಅಂಗಡಿಯ ಮಾಲೀಕರು ಶಟರ್ ಅರ್ಧ ಎತ್ತಿದ್ದವರು ಓಡಿ ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು. ನೀರು ಕೊಟ್ಟರು.

"ಈ ಜಾಲಿಯೊಳಗ ಭಾಳ ಮಂದಿ ಬಿದ್ದಾರ್ರಿ ಮೇಡಂ. ಮೊದಲನೇ ವಾರದಾಗೇ ಮೂರ್ನಾಕ ಮಂದಿ. ಅದಕ್ಕೇ ಇದರ ಮ್ಯಾಲ ಯಾರೂ ಸೈಕಲ್ ಹೊಡಿಯಲ್ಲ. ಖಾಲಿ ಬಿದ್ದದ ಅಂತ ನಾವು ಗಾಡಿ ಹಚ್ಚತೀವಿ."

"ಮೊದಲೇ ಯಾಕ ಹೇಳಲಿಲ್ರಿ?"

"ನಿಮಗ ಗೊತ್ತಿರತದ ಅಂತ ತಿಳದೇವ್ರಿ. ನೀವು ಎಂಜಿನಿಯರ್ ಅಲ್ಲ?"

ಆ ಜಾಲರಿಯ ನಕ್ಷೆಯ ಕೆಳಗೆ ಇದ್ದದ್ದು ನನ್ನದೇ ಸಹಿ. ಮುರಿದ ಕೈಗಿಂತ ಅದು ಹೆಚ್ಚು ನೋಯಿಸಿತು. ತಿಳಿವಳಿಕೆ ಕಡಿಮೆ ಇದೆ ಎಂದು ವರದಿ ಬರೆದಿದ್ದೆನಲ್ಲ, ಅದು ಸರಿಯೇ ಇತ್ತು, ಯಾರಲ್ಲಿ ಎಂಬುದನ್ನು ಮಾತ್ರ ತಪ್ಪು ಬರೆದಿದ್ದೆ.

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಮರುದಿನವೇ ಕಚೇರಿಗೆ ಹೋದೆ. ಬಸವಕಲ್ಯಾಣದ ಹೊಸ ದಾರಿಯಲ್ಲೂ ಅದೇ ಜಾಲರಿ, ಅದೇ ದಿಕ್ಕಿನಲ್ಲಿ ಕೂರಿಸಿದ್ದರು. ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಸೈಕಲ್ ಬರುತ್ತಿರಲಿಲ್ಲ ಎಂಬುದನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ನನಗೂ ಈಜು ಬರಲ್ರಿ ಮೇಡಂ. ಆಯುಷ್ಯ ಪೂರಾ ನದಿ ಮ್ಯಾಲ ಬ್ರಿಜ್ ಕಟ್ಟೀನಿ," ಎಂದರು. ಆಮೇಲೆ ಫೈಲ್ ಎಳೆದುಕೊಂಡರು. ತಪ್ಪಾಗಿದೆ ಎಂದು ಬರೆದರೆ ವಿಚಾರಣೆ ಆಗುತ್ತದೆ, ಜಾಲರಿ ಮಾತ್ರ ಹಾಗೇ ಇರುತ್ತದೆ ಎಂಬುದು ಅವರ ಅನುಭವ. ಹಾಗಾಗಿ, ಸ್ಥಳ ಪರಿಶೀಲನೆಯ ವೇಳೆ ಗಮನಕ್ಕೆ ಬಂದಂತೆ ಜಾಲರಿಗಳನ್ನು ಅಡ್ಡಲಾಗಿ ತಿರುಗಿಸಿ ಕೂರಿಸುವುದು ಸೂಕ್ತ ಎಂದು ಬರೆಸಿದರು. ನಾನು ರಸ್ತೆ ಬದಿಯಲ್ಲಿ ಬೋರಲು ಬಿದ್ದದ್ದು ಹೀಗೆ ಸ್ಥಳ ಪರಿಶೀಲನೆ ಎಂದು ದಾಖಲಾಯಿತು. ಜಾಲರಿಗಳು ಚೌಕಾಕಾರ ಇದ್ದದ್ದರಿಂದ ಎತ್ತಿ ತಿರುಗಿಸಿ ಇಟ್ಟರೆ ಮುಗಿಯಿತು. ಎರಡೂ ಊರಿನವು ನಾಲ್ಕು ದಿನದಲ್ಲಿ ತಿರುಗಿದವು.

ಉಳಿದದ್ದು ಉದ್ಘಾಟನೆ. ನಾನು ಹೊಡೆಯುವಂತಿರಲಿಲ್ಲ. ಸಾಹೇಬರೇ ನೆನಪು ಮಾಡಿದರು: "ಆ ನಿಮ್ಮ ಒಂದು ಅದಾಳಲ್ರೀ, ಅಪವಾದ. ಆಕಿನ್ನ ಕರೀರಿ."

ಅವಳು ಸುಲಭಕ್ಕೆ ಒಪ್ಪಲಿಲ್ಲ. ಸೋಯಾ ಕಳೆಯ ಕೆಲಸ ಇತ್ತು. ನನ್ನ ಪ್ಲಾಸ್ಟರ್ ನೋಡಿದ ಮೇಲೆ, "ನಿಮ್ಮ ಸಲುವಾಗಿ ಬರತೀನ್ರಿ, ಮಂದಿ ಸಲುವಾಗಿ ಅಲ್ಲ" ಎಂದಳು. ಆ ದಿನ ನೀಲಿ ಸೀರೆ ಉಟ್ಟು ಬಂದಳು. ಅತಿಥಿಗಳು ಸೈಕಲ್ ಹತ್ತಿ, ಎರಡು ಕಡೆಯಿಂದ ನಾಲ್ಕು ಜನ ಹಿಡಿದುಕೊಂಡು, ಇಪ್ಪತ್ತು ಹೆಜ್ಜೆ ಹೋದರು. ಫೋಟೋ ಆಯಿತು, ಇಳಿದರು. ಅವಳಿಗೆ ಇಳಿಯಬೇಕು ಎಂದು ಯಾರೂ ಹೇಳಿರಲಿಲ್ಲ. ಅವಳು ಆ ಹಸಿರು ದಾರಿ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೂ ಹೋದಳು, ಖಾಲಿ ಪ್ಲಾಟುಗಳ ನಡುವೆ ಸಣ್ಣಗೆ ಕಾಣುವಷ್ಟು ದೂರ ಹೋಗಿ, ತಿರುಗಿ ಬಂದಳು. ಎಲ್ಲರೂ ಬಿಸಿಲಲ್ಲಿ ಕಾಯುತ್ತ ನಿಂತಿದ್ದೆವು.

"ಹ್ಯಾಂಗ ಅದ ತಾಯಿ ದಾರಿ?" ಎಂದು ಅತಿಥಿಗಳು ನಗುತ್ತ ಕೇಳಿದರು.

"ದಾರಿ ಭಾಳ ಚಂದ ಅದ್ರಿ," ಎಂದಳು. "ಖರೆ ಈ ಕಡಿ ನನಗೇನೂ ಕೆಲಸಿಲ್ರಿ. ಹೊಲ ಆ ಕಡಿ ಅವ, ಮನಿ ಆ ಕಡಿ ಅದ. ಆ ಕಡಿ ರಸ್ತಾ ಮಗ್ಗಲಕ ಇಷ್ಟು ಗಟ್ಟಿ ಮಾಡಿಸ್ರಿ, ದಿನಾ ನಿಮ್ಮ ಹೆಸರು ತಗೋತೀನಿ," ಎಂದು ನನಗೆ ತೋರಿಸಿದ ಅದೇ ಎರಡು ಮೊಳ ತೋರಿಸಿದಳು.

ಜನ ನಕ್ಕರು. ಅತಿಥಿಗಳೂ ನಕ್ಕರು. ಆಮೇಲೆ ಸಾಹೇಬರ ಕಡೆ ತಿರುಗಿ, "ನೋಡ್ರಿ ಇವರೇ" ಎಂದರು. ಕಚೇರಿಯ ಭಾಷೆಯಲ್ಲಿ 'ನೋಡ್ರಿ' ಎಂಬ ಮಾತಿಗೆ ಎಷ್ಟು ಅರ್ಥಗಳಿವೆ ಎಂಬುದು ಸಾಹೇಬರಿಗೆ ಗೊತ್ತಿತ್ತು. ಅವರು ಅದನ್ನು ಆಜ್ಞೆ ಎಂದು ಅರ್ಥ ಮಾಡಿಕೊಂಡರು. ಸೈಕಲ್ ಎಂಬ ಶಬ್ದ ಬಂದರೆ ಆ ರಸ್ತೆಗೆ ಮಂಜೂರಾತಿ ಸಿಗುವಂತಿರಲಿಲ್ಲ, ಬೇಡಿಕೆ ಕಡಿಮೆ ಎಂದು ನಾನೇ ಬರೆದಿದ್ದೆನಲ್ಲ. ಹಾಗಾಗಿ ಭಾರಿ ವಾಹನಗಳ ಸುರಕ್ಷತೆಗಾಗಿ ರಸ್ತೆಯ ಅಂಚು ಗಟ್ಟಿಗೊಳಿಸುವುದು ಎಂಬ ಹೆಸರಿನಲ್ಲಿ ಫೈಲ್ ಹೋಯಿತು, ಮಂಜೂರಾಗಿ ಬಂತು. ನಿವೃತ್ತಿಯ ಹಿಂದಿನ ತಿಂಗಳು ಸಾಹೇಬರು ಬಿಸಿಲಲ್ಲಿ ಛತ್ರಿ ಹಿಡಿದು ನಿಂತು ಆ ಕೆಲಸ ಮಾಡಿಸಿದರು.

ನನಗೆ ಪ್ರಶಸ್ತಿಪತ್ರ ಬಂದದ್ದು ಬಡಾವಣೆಯ ಹಸಿರು ದಾರಿಗೆ. ಅಲ್ಲಿ ಈಗ ಸಂಜೆ ಹೊತ್ತು ಸಕ್ಕರೆ ಕಾಯಿಲೆಯವರು ನಡೆಯುತ್ತಾರೆ, ಅವರಿಗೆ ಅನುಕೂಲವಾಗಿದೆ. ಮೋರಖಂಡಿ ಕಡೆಯ ಗಟ್ಟಿ ಅಂಚಿನ ಮೇಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವಳ ನೆಗೆಣ್ಣಿ ಸೈಕಲ್ ಹೊಡೆಯತೊಡಗಿದಳು. ಆಮೇಲೆ ಕೊಡ ಹಿಡಿದುಕೊಂಡು ನನಗೆ ಎಡಬಲ ಹೇಳುತ್ತಿದ್ದ ಇಬ್ಬರು. ಕಚೇರಿಯ ಯಾವ ವರದಿಯಲ್ಲೂ ಅವರು ಇಲ್ಲ. ಆ ರಸ್ತೆ ಭಾರಿ ವಾಹನಗಳ ಖಾತೆಯಲ್ಲಿದೆ.

ಹೋದ ತಿಂಗಳು ಅದೇ ರಸ್ತೆಯಲ್ಲಿ ಅವಳು ಸಿಕ್ಕಳು. ಸ್ಕೂಟಿಯ ಮೇಲೆ ಇದ್ದಳು. ನಾನು ಸೈಕಲ್ ನಿಲ್ಲಿಸಿ ಬಾಯಿ ಬಿಟ್ಟು ನೋಡಿದೆ.

"ಮೊಣಕಾಲು ನೋಯಾಕತ್ತಾವ್ರಿ ಮೇಡಂ. ಮಗಳು ಕೊಡಿಸ್ಯಾಳ. ಇಷ್ಟು ವರ್ಷ ನಾ ತುಳದೀನಿ, ಇನ್ನ ನೀವು ತುಳೀರಿ," ಎಂದು ನಕ್ಕಳು.

ಸೈಕಲ್ಲಿಗಾಗಿ ಇಷ್ಟೆಲ್ಲ ಮಾಡಿ ಕಡೆಗೆ ನನ್ನ ಗುರುವೇ ಪೆಟ್ರೋಲಿಗೆ ಹೋದಳಲ್ಲ ಎಂದು ಒಂದು ಗಳಿಗೆ ಪಿಚ್ಚೆನಿಸಿತು. ಅವಳ ಮೊಣಕಾಲನ್ನು ನೆನೆದು ಚಹಾಕ್ಕೆ ಕರೆದೆ. ಇಬ್ಬರೂ ರಸ್ತೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿದೆವು. ಆಗ ಅವಳು ಹೊಸ ತಕರಾರು ತೆಗೆದಳು. ನಾನು ಕೂತು ಎಣಿಸಿದ ಆ ಒಂದು ಬೇವು ಬಿಟ್ಟರೆ ಬೇಸಿಗೆಯಲ್ಲಿ ಈ ರಸ್ತೆಯಲ್ಲಿ ಒಂದು ಗೇಣು ನೆರಳಿಲ್ಲ, ಹೆಂಗಸರು ಮಧ್ಯಾಹ್ನ ಮರಳುವಾಗ ತಲೆ ಸುಡುತ್ತದೆ, ಗಿಡ ಹಚ್ಚಿಸಬೇಕು. ನಮ್ಮ ಯೋಜನೆಯಲ್ಲಿ ನೆರಳು ಎಂಬ ಬಾಬ್ತೇ ಇಲ್ಲ ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ವಿವರಿಸಿ ಹೇಳತೊಡಗಿದರೆ ನನಗೂ ಅರ್ಥವಾಗಲಿಲ್ಲ.

ಆ ಸಂಜೆ ಕಲಬುರಗಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದ ಸಾಹೇಬರಿಗೆ ಫೋನ್ ಮಾಡಿದೆ. ಅವರು, "ಧೂಳು ನಿಯಂತ್ರಣ ಅಂತ ಬರೀರಿ" ಎಂದರು. ಬರೆದಿದ್ದೇನೆ. ಈ ವಾರ ಬೇವಿನ ಸಸಿಗಳು ಬಂದಿವೆ. ಮೋರಖಂಡಿಯ ಹೆಂಗಸರು ಒಬ್ಬೊಬ್ಬರು ಒಂದೊಂದಕ್ಕೆ ನೀರು ಹಾಕುವುದಾಗಿ ಹಂಚಿಕೊಂಡಿದ್ದಾರೆ. ಸಸಿಯ ಚಿಗುರು ಮೇಯುವ ಆಡುಗಳ ವಿಷಯದಲ್ಲಿ ಏನು ಮಾಡುವುದೆಂದು ನಾಳೆ ಮುಂಜಾನೆ ವಿಹಾರದ ಬಯಲಿನಲ್ಲಿ ಮಾತುಕತೆ ಇದೆ, ನನ್ನನ್ನೂ ಕರೆದಿದ್ದಾರೆ.